ಹಸಿರು ಪರದೆ ಮುಂದೆ ಹಸಿರು ಸೀರೆ

ಮಸ್ಕಿಯ ನರಸಣ್ಣನ ಮನೆಯಲ್ಲಿ ಮುಂದಿನ ಕೋಣೆ ಫೋಟೋ ಅಂಗಡಿ, ಹಿಂದಿನದು ಅಡುಗೆಮನೆ. ನಡುವೆ ಒಂದೇ ಬಾಗಿಲು. ಸೊಸೆ ಅಂಬಿಕಾ ಆ ಬಾಗಿಲನ್ನು ದಿನಾ ಎಷ್ಟು ಸಲ ದಾಟುತ್ತಿದ್ದಳೆಂದರೆ, ಅಷ್ಟನ್ನೂ ಒಂದೇ ದಿಕ್ಕಿಗೆ ನಡೆದಿದ್ದರೆ ಇಷ್ಟೊತ್ತಿಗೆ ಕಾಶಿ ಮುಟ್ಟಿ, ಗಂಗೆಯಲ್ಲಿ ಮುಳುಗೆದ್ದು, ತಲೆ ಒಣಗಿಸಿಕೊಂಡು ವಾಪಸ್ ಬರುತ್ತಿದ್ದಳು. ಒಂದು ಕೈಯಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಮೌಸ್. ಬಂದಾಗ ಕರ್ರಗಿದ್ದ ಮೌಸ್ ಈಗ ಬೆಳ್ಳಗಾಗಿ, ಗಿರಾಕಿಗಳು ಅದನ್ನು ಬೆಳ್ಳನೆಯದೇ ಕೊಂಡಿದ್ದಾರೆಂದು ತಿಳಿದಿದ್ದರು.

"ಅಂಬಿಕಾ, ಹಂಚಿನ ಮ್ಯಾಲೆ ರೊಟ್ಟಿ ಸುಡಾಕತ್ತೈತಿ!" ಎಂದು ಅತ್ತೆ ಗ್ಯಾನಮ್ಮ ಒಳಗಿನಿಂದ ಕೂಗುತ್ತಿದ್ದಳು.

"ತಿರುವಿ ಹಾಕ್ರಿ ಅತ್ತಿ! ಇಲ್ಲಿ ಒಬ್ರ ಕಿವಿ ಅರ್ಧ ಕತ್ತರಿಸೀನಿ, ಹಂಗಾ ಬಿಟ್ಟು ಬರಾಕ ಆಗ್ತೈತೇನ್ರಿ?"

ಅಂಬಿಕಾ ಲಿಂಗಸುಗೂರಿನ ಹುಡುಗಿ; ಈ ಮನೆಗೆ ಕಂಪ್ಯೂಟರ್ ಬಂದದ್ದು ಅವಳ ಜೊತೆಗೇ. ಮದುವೆಗೆ ಮುಂಚೆ ಅಲ್ಲಿ ತಾಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ಮಾಡುತ್ತಿದ್ದವಳು. ಜನ ಮನೆ ಗೋಡೆ ಮುಂದೆ, ಎತ್ತಿನ ಮುಂದೆ, ಟ್ರ್ಯಾಕ್ಟರ್ ಮುಂದೆ ನಿಂತು ಫೋನಿನಲ್ಲಿ ತೆಗೆಸಿಕೊಂಡು ಬರುತ್ತಿದ್ದರು. ಅವಳು ಹಿಂದಿನದನ್ನೆಲ್ಲ ತೆಗೆದು ಬಿಳಿ ಮಾಡಿ ಕೊಡುತ್ತಿದ್ದಳು. ಒಬ್ಬನ ಹೆಗಲ ಮೇಲೆ ಎತ್ತಿನ ಕೊಂಬು ಹಾದಿತ್ತು. ಅದನ್ನು ಎಷ್ಟು ನಾಜೂಕಾಗಿ ತೆಗೆದಳೆಂದರೆ, ಮನೆಗೆ ಹೋದ ಮೇಲೆ ಆ ಮನುಷ್ಯ ಎತ್ತಿಗೆ ಎರಡೂ ಕೊಂಬು ಇವೆಯೋ ಇಲ್ಲವೋ ಎಂದು ಕೊಟ್ಟಿಗೆಗೆ ಹೋಗಿ ಮುಟ್ಟಿ ನೋಡಿದ್ದನಂತೆ.

ಗಂಡ ಗಂಗಾಧರ ಫೋಟೋ ತೆಗೆಯುವುದರಲ್ಲಿ ಕಡಿಮೆಯವನಲ್ಲ. ಆದರೆ ಅವನ ಕ್ಯಾಮೆರಾಕ್ಕಿಂತ ಬಾಯಿ ಜೋರು. ಕಾಲುವೆ ನೀರು ಗೊರೇಬಾಳದ ಹೊಲ ಮುಟ್ಟುವ ಮೊದಲೇ ಅವನ ಮಾತು ಮುಟ್ಟಿರುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಪುಂಡಿ ಪಲ್ಯ, ಶೇಂಗಾ ಹಿಂಡಿ, ರೊಟ್ಟಿ. ನರಸಣ್ಣ ತನ್ನ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ.

"ಏನ್ ಮಾವಾ, ಎಕ್ಸ್‌ರೇ ನೋಡಾಕತ್ತೀರೇನು?" ಎಂದಳು ಅಂಬಿಕಾ.

"ನಡುವ ಕರ್ರಗ ಕಾಣ್ತೈತವ್ವ. ರೊಟ್ಟಿ ಟಿ.ಬಿ. ಹತ್ತಿಸ್ಕೊಂಡೈತಿ."

ಗ್ಯಾನಮ್ಮ ನಗಲಿಲ್ಲ. ಪಲ್ಯದ ಬಟ್ಟಲು ಟಕ್ಕನೆ ಇಟ್ಟಳು. "ನಗ್ರಿ, ನಗ್ರಿ. ದಿನಾ ಸುಟ್ಟ ರೊಟ್ಟಿ ತಿಂದು ನನ್ನ ಹಲ್ಲು ಬಂಡಿ ಕೀಲಿನಂಗ ಆಗ್ಯಾವು. ಗಂಗಾಧರಾ, ಆ ಕಂಪ್ಯೂಟರ್ ಮಾರಿಬಿಡು. ಆ ಜಾಗದಾಗ ಹಿಟ್ಟಿನ ಗಿರಣಿ ಹಾಕು. ಮುಂದ ಗಿರಣಿ, ಹಿಂದ ಒಲಿ. ಸೊಸಿ ಒಂದು ಕಡೆ ಕುಂದ್ರತಾಳ."

"ಯವ್ವಾ, ಈಗಿನ ಕಾಲದಾಗ ಎಡಿಟಿಂಗ್ ಇಲ್ದ ಫೋಟೋ ಯಾರು ತಗೋತಾರಬೇ?"

"ನಿಮ್ಮಪ್ಪನ ಕಾಲದಾಗ ತಗೋತಿದ್ದಿಲ್ಲೇನು?"

ನರಸಣ್ಣನಿಗೆ ಅಷ್ಟೇ ಸಾಕಾಗಿತ್ತು. "ನನ್ನ ಕಾಲದಾಗ ನಾನೂ ಎಡಿಟಿಂಗ್ ಮಾಡ್ತಿದ್ದೆ. ಪೆನ್ಸಿಲ್‌ನಾಗ! ಮುದಗಲ್‌ನ ಒಬ್ಬ ಸಾಹುಕಾರಗ ಮೀಸಿ ತೆಳ್ಳಗಿತ್ತು. ನೆಗೆಟಿವ್ ಮ್ಯಾಲೆ ಎಂಥಾ ಮೀಸಿ ಬರದೆ ಅಂದ್ರ, ಫೋಟೋ ನೋಡಿ ಅವನ ಖರೇ ಮೀಸಿ ನಾಚಿ ಬೆಳೀತು."

"ನಿಮ್ಮ ಮೀಸಿ ಕಥಿ ಸಾಕು," ಎಂದು ಗ್ಯಾನಮ್ಮ ಸೊಸೆಯ ಕಡೆ ತಿರುಗಿದಳು. "ಕೇಳಿಲ್ಲಿ. ದೀಪಾನ ಕುಬುಸ ಬಂತು. ಬೀಗರ ಮನ್ಯಾಗ ಗ್ವಾಡಿಗಿ ಹಾಕಾಕ ಒಂದು ದೊಡ್ಡ ಫೋಟೋ ಆಗ್ಬೇಕು. ಅದು ಚಲೋ ಬಂತು ಅಂದ್ರ ರೊಟ್ಟಿ ನಾ ಬಡೀತೀನಿ, ನೀ ಅಂಗಡ್ಯಾಗ ಕುಂದ್ರು. ಕೆಟ್ತು ಅಂದ್ರ ಗಿರಣಿ."

"ಆತ್ರಿ ಅತ್ತಿ," ಎಂದಳು ಅಂಬಿಕಾ. ಹೆದರಿಕೆಯೇನೂ ಇರಲಿಲ್ಲ ಅವಳಿಗೆ. ಸುಟ್ಟ ಭಾಗ ಮುರಿದು ಪಕ್ಕಕ್ಕಿಟ್ಟು, ಉಳಿದದ್ದನ್ನು ಹಿಂಡಿ ಹಚ್ಚಿಕೊಂಡು ತಿಂದಳು.

ದೀಪಾ ಈ ಮನೆಯ ಮಗಳು, ಗೊರೇಬಾಳಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಕುಬುಸದ, ಅಂದರೆ ಸೀಮಂತದ, ದಿನ ತವರಿನವರೆಲ್ಲ ಹಸಿರು ಸೀರೆ, ಹಸಿರು ಕುಬುಸ, ಹಸಿರು ಬಳೆ, ಉಡಿ ಸಾಮಾನು, ಬುಟ್ಟಿಗಟ್ಟಲೆ ಕರ್ಚಿಕಾಯಿ ಹೊತ್ತುಕೊಂಡು ಗೊರೇಬಾಳಕ್ಕೆ ಇಳಿದರು. ಗಂಗಾಧರನ ಹೆಗಲ ಮೇಲೆ ಇನ್ನೊಂದು ಗಂಟಿತ್ತು. ಸಿಂಧನೂರಿನಿಂದ ಹೊಸದಾಗಿ ತಂದ ಹಸಿರು ಬಟ್ಟೆ. ಬಿಚ್ಚಿದರೆ ಹುಲ್ಲಿನ ಲಾರಿ ಮುಚ್ಚುವಷ್ಟು ದೊಡ್ಡದು.

ದೀಪಾಳ ಅತ್ತೆ ಗದ್ದೆಮ್ಮನ ಅಂಗಳದಲ್ಲಿ ಗೋಡೆಗೆ ಒತ್ತಿ ಭತ್ತದ ಚೀಲ ಪೇರಿಸಿದ್ದರು. ಗದ್ದೆಮ್ಮ ಬೆಳಿಗ್ಗೆಯಿಂದ ಕೋಳಿ ಓಡಿಸಿ ಓಡಿಸಿ ಸಾಕಾಗಿ, ಕಡೆಗೆ ಎಲ್ಲವನ್ನೂ ಹಿಡಿದು ಬುಟ್ಟಿಯಡಿ ಮುಚ್ಚಿ ಮೇಲೆ ಕಲ್ಲು ಹೇರಿದ್ದಳು. ಗಂಗಾಧರ ಬಂದವನೇ ಚೀಲಗಳ ಮುಂದೆ ಹಸಿರು ಬಟ್ಟೆ ಕಟ್ಟಿದ.

"ಇದ್ಯಾಕಪ್ಪ? ನಮ್ಮ ಚೀಲ ಮುಚ್ಚಾಕತ್ತಿ?" ಎಂದಳು ಗದ್ದೆಮ್ಮ.

"ಇದು ಟೆಕ್ನಿಕ್ ಅತ್ತಿ! ಇದರ ಮುಂದ ಕುಂದ್ರಿಸಿ ಫೋಟೋ ಹೊಡೀತೀನಿ. ಆಮ್ಯಾಲೆ ಕಂಪ್ಯೂಟರ್‌ಗೆ ಹಸಿರು ಅಳಿಸು ಅಂದ್ರ ಸಾಕು, ಬಟ್ಟಿ ಮಾಯ. ಹಿಂದ ಜಲಪಾತ ಹಾಕ್ಲ್ಯಾ, ಅರಮನಿ ಹಾಕ್ಲ್ಯಾ? ಮೊನ್ನಿ ಮೂರು ಮಂದಿ ಮದುಮಕ್ಕಳಿಗಿ ಮಾಡೀನಿ, ತಾಜ್‌ಮಹಲ್ ಮುಂದ ನಿಂತಂಗ ಬಂದಾರ."

ಆರತಿ ತಟ್ಟೆ ಹಿಡಿದು ಬರುತ್ತಿದ್ದ ಅಂಬಿಕಾ ಅಲ್ಲೇ ನಿಂತುಬಿಟ್ಟಳು. ದೀಪಾ ಹಸಿರು ಸೀರೆಯಲ್ಲಿ ಹಸಿರು ಬಟ್ಟೆಯ ಮುಂದೆ, ಬೆಳೆದ ಪೈರಿನಲ್ಲಿ ಕೂತ ಗಿಳಿಯಂತೆ ಕಾಣುತ್ತಿದ್ದಳು.

"ರೀ, ಇಲ್ಲಿ ಕೇಳ್ರಿ. ಹಸಿರು ಸೀರಿ ಐತಲ್ರೀ..."

"ಕುಬುಸಕ್ಕ ಹಸಿರು ಸೀರಿ ಉಡಸದ ಕೆಂಪು ಉಡಸ್ತಾರೇನು? ಸರಿ ಆ ಕಡೆ, ನೆರಳು ಬೀಳಾಕತ್ತೈತಿ."

"ನಾ ಸೀರಿ ಮಾತು ಆಡಾಕತ್ತಿಲ್ರೀ, ಬಟ್ಟಿ..."

"ಮುತ್ತೈದ್ಯಾರು ಕಾಯಾಕತ್ತಾರ! ಆಮ್ಯಾಲೆ ಹೇಳುವಂತಿ."

ಉಡಿ ತುಂಬಿದರು. ಗಂಗಾಧರ ಕ್ಲಿಕ್ ಮಾಡಿದ. ಎಲ್ಲರೂ ಹೋಳಿಗೆ ಉಂಡು ಮಸ್ಕಿಗೆ ಮರಳಿದರು.

ಮರುದಿನ ಅಂಬಿಕಾ ಒಲೆ ಮುಂದೆ ಇದ್ದಾಗಲೇ ಗಂಗಾಧರ ಕಂಪ್ಯೂಟರ್ ಹಚ್ಚಿದ. ಹಸಿರು ಅಳಿಸು ಅಂದ. ಅದು ಅಳಿಸಿತು. ಹಿಂದೆ ಜಲಪಾತ ಹಾಕಿದ. ಅಷ್ಟೊತ್ತಿಗೆ ಹೊರಗೆ ಯಾರೋ ಗಾಡಿ ನಿಲ್ಲಿಸಿ ಕರೆದರು. ಅವನು ಸರಿಯಾಗಿ ನೋಡಲೂ ಇಲ್ಲ, ಫೋಟೋವನ್ನು ಬೀಗರ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಮೂರು ಹೂವು ಇಟ್ಟು ಎದ್ದು ಹೋದ.

ಅಂಬಿಕಾ ಎರಡನೇ ರೊಟ್ಟಿ ತಟ್ಟುವಷ್ಟರಲ್ಲಿ ಗ್ಯಾನಮ್ಮನ ಫೋನ್ ಬಡಿದುಕೊಂಡಿತು. ಗದ್ದೆಮ್ಮ. ಸ್ಪೀಕರ್ ಹಾಕುವುದೇ ಬೇಕಿರಲಿಲ್ಲ, ಫೋನ್ ಇಲ್ಲದಿದ್ದರೂ ಗೊರೇಬಾಳದಿಂದ ನೇರ ಕೇಳಿಸುತ್ತಿತ್ತು.

"ಬೀಗ್ತೀ! ನನ್ನ ಸೊಸಿ ಹೊಟ್ಟಿ ಎಲ್ಲಿ?"

"ಏನಂದ್ರಿ?"

"ಹೊಟ್ಟಿ! ಬಸರಿ ಹೊಟ್ಟಿ! ನಿಮ್ಮ ಮಗ ಎಲ್ಲಿ ಇಟ್ಟಾನ ಕೇಳ್ರಿ!"

ಅತ್ತೆ ಸೊಸೆ ಇಬ್ಬರೂ ಹಿಟ್ಟಿನ ಕೈಯಲ್ಲೇ ಅಂಗಡಿಗೆ ಓಡಿದರು. ಕಂಪ್ಯೂಟರ್ ಪರದೆ ಮೇಲೆ ದೀಪಾಳ ಮುಖವಿತ್ತು, ಕುತ್ತಿಗೆಯವರೆಗೆ. ಅದರ ಕೆಳಗೆ ಏನೂ ಇಲ್ಲ. ಸೀರೆ ಇಲ್ಲ, ಕುಬುಸ ಇಲ್ಲ, ಬಳೆಗಳೂ ಇಲ್ಲವಾದ್ದರಿಂದ ಎರಡು ಅಂಗೈ ಗಾಳಿಯಲ್ಲಿ ತೇಲುತ್ತಿದ್ದವು. ಉಡಿಯ ಎಲೆ ಹೋಗಿ ಅಡಿಕೆ ಮಾತ್ರ ಉಳಿದಿತ್ತು. ತೆಂಗಿನಕಾಯಿ ತಾನೇ ತಾನಾಗಿ ಅಂತರದಲ್ಲಿ ನಿಂತಿತ್ತು. ಹೊಟ್ಟೆ ಇರಬೇಕಾದ ಕಡೆ ಜಲಪಾತ ಧುಮುಕುತ್ತಿತ್ತು.

"ಯಪ್ಪಾ ದೇವ್ರೇ," ಎಂದು ಗ್ಯಾನಮ್ಮ ಸ್ಟೂಲಿನ ಮೇಲೆ ಕುಸಿದಳು.

"ನೋಡಿದ್ರಿಲ್ಲೋ?" ಫೋನಿನಲ್ಲಿ ಗದ್ದೆಮ್ಮ ಇನ್ನೂ ಇದ್ದಳು. "ಓಣಿ ಮಂದಿ ಎಲ್ಲಾ ನೋಡ್ಯಾರ. ಚೊಚ್ಚಲ ಬಸರಿದು ಹೊಟ್ಟಿ ಅಳಿಸಿ ನೀರು ಹರಿಸ್ಯಾರ ಅಂತ ಆಡಾಕತ್ತಾರ. ಇದು ಶುಭ ಏನ್ರಿ?"

"ತಪ್ಪಾತ್ರಿ ಬೀಗ್ತೀ. ನಾಳಿಗೇ ಬಂದು ಇನ್ನೊಮ್ಮಿ ಸೀರಿ ಉಡಿಸಿ ತಗೀತೀವಿ."

"ಉಡಿ ತುಂಬೂದು ಅಂದ್ರ ನಾಟಕ ಅಂತ ತಿಳಿದೀರೇನು, ಇನ್ನೊಮ್ಮಿ ಆಡಾಕ? ಒಂದು ಬಸರಿಗಿ ಒಂದಾ ಕುಬುಸ. ಹುಣ್ಣಿವಿ ದಾಟಿದ ಮ್ಯಾಲೆ ಮಗಳನ್ನ ಬಾಣಂತನಕ್ಕ ಕರಿಯಾಕ ಬರ್ತೀರಲ್ಲ, ಅವತ್ತು ಅದಾ ಫೋಟೋ ನೆಟ್ಟಗ ಮಾಡಿ ತರ್ರಿ." ಫೋನ್ ಇಟ್ಟಳು.

ಗಂಗಾಧರ ಒಳಗೆ ಬಂದ. ತಾಯಿಯ ಮುಖ ನೋಡಿ, ಪರದೆ ನೋಡಿ, ಬಂದ ಬಾಗಿಲಿಗೇ ಮರಳಿ ಕಾಲಿಟ್ಟ.

"ಎಲ್ಲಿಗಿ ಹೊಂಟಿ, ನಿಂದ್ರಲೇ! ತಂಗಿ ಹೊಟ್ಟಿ ನೀರಿಗಿ ಬಿಟ್ಟು ಹೊಂಟಾನ ನೋಡು!"

"ನಾ ಅಲ್ಲಬೇ, ಕಂಪ್ಯೂಟರ್..."

"ಹೂಂ, ಕಂಪ್ಯೂಟರ್! ಅದನ್ನ ಮನಿಗಿ ತಂದಾಕಿ ಯಾರು?" ಗ್ಯಾನಮ್ಮ ಸೊಸೆಯ ಕಡೆ ಬೆರಳು ಮಾಡಿದಳು. "ಗಿರಣಿ! ನಾಳಿಗೇ ಗಿರಣಿ!"

ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಯಾರೂ ಏಳಲಿಲ್ಲ. ಅಂಬಿಕಾ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತಳು. ಏನೂ ಅಳಿಸದ ಮೂಲ ಫೋಟೋ ತೆರೆದು, ದೊಡ್ಡದು ಮಾಡಿ, ದೀಪಾಳ ಭುಜದ ಹತ್ತಿರ ಕಣ್ಣು ಹಾಕಿ ನೋಡಿದಳು.

"ಹುಣ್ಣಿವಿ ತನಕ ರೊಟ್ಟಿ ನೀವು ಬಡೀರಿ ಅತ್ತಿ. ಇದು ನಾ ಮಾಡ್ತೀನಿ. ಬರಲಿಲ್ಲ ಅಂದ್ರ ಈ ಟೇಬಲ್ ಮ್ಯಾಲೆ ಗಿರಣಿ ನಾನಾ ಎತ್ತಿ ಇಡ್ತೀನಿ."

"ಬರ್ತೈತೇನು?"

"ಯಾಕ ಬರೂದಿಲ್ರಿ? ಎತ್ತಿನ ಕೊಂಬು ತಗದ ಕೈ ಇದು."

ಮಾತು ಸುಲಭ. ಕೆಲಸ ಹಾಗಿರಲಿಲ್ಲ. ಒಂದೇ ಒತ್ತಿಗೆ ಅಳಿಸುವ ಸಾಧನಕ್ಕೆ ಸೀರೆಯೂ ಬಟ್ಟೆಯೂ ಒಂದೇ. ಹಾಗಾಗಿ ಅಂಬಿಕಾ ಅದನ್ನು ಮುಟ್ಟಲೇ ಇಲ್ಲ. ಮೌಸ್ ಹಿಡಿದು ದೀಪಾಳ ಅಂಚಿನ ಸುತ್ತ ಚುಕ್ಕೆ ಚುಕ್ಕೆ ಇಟ್ಟು ಗೆರೆ ಎಳೆಯತೊಡಗಿದಳು. ಜರಿ ಅಂಚು ಇದ್ದಲ್ಲಿ ಗೆರೆ ಸರಸರ ಹೋಯಿತು. ಬಳೆಗಳನ್ನು ಒಂದೊಂದಾಗಿ ಸುತ್ತಿದಳು. ತಲೆಗೂದಲಿಗೆ ಗೆರೆ ಎಳೆಯಲಿಲ್ಲ. ಎಳೆದರೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗಾಗುತ್ತದೆ. ಮೆತ್ತನೆಯ ಕುಂಚ ತಗೊಂಡು ಎಳೆ ಎಳೆಯಾಗಿ ಬಿಡಿಸಿದಳು. ಅರಿಶಿಣ ಹಚ್ಚಿದ ಕೆನ್ನೆ ಮೇಲೆ ಬಟ್ಟೆಯ ಹಸಿರು ಬಿದ್ದು ದೀಪಾ ಕಾಯಿಲೆಯವಳಂತೆ ಕಾಣುತ್ತಿದ್ದಳು. ಆ ಹಸಿರನ್ನೂ ಇಳಿಸಿದಳು.

ಆದರೆ ಸೊಂಟದ ಹತ್ತಿರ ಬಂದಾಗ ಮೌಸ್ ನಿಂತಿತು. ಅಲ್ಲಿ ಜರಿ ಇಲ್ಲ, ನೆರಳಿಲ್ಲ. ಹಸಿರಿನಲ್ಲಿ ಹಸಿರು. ಸೀರೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು, ದೇವರಿಗೇ ಗೊತ್ತು.

ದಿನ ಕಳೆದವು. ಅಡುಗೆಮನೆಯಲ್ಲಿ ಗ್ಯಾನಮ್ಮ ರೊಟ್ಟಿ ಬಡಿಯುವ ಸದ್ದು ಓಣಿ ತುದಿಯವರೆಗೆ ಹೋಗುತ್ತಿತ್ತು. ಸಿಟ್ಟಿನಲ್ಲಿ ಬಡಿದ ರೊಟ್ಟಿಗಳು ಎಷ್ಟು ತೆಳ್ಳಗಾಗಿದ್ದವೆಂದರೆ ನರಸಣ್ಣ ಒಂದನ್ನು ಎತ್ತಿ ಹಿಡಿದು ಆಚೆ ಕೂತ ಮಗನನ್ನು ನೋಡಿದ.

"ಗಂಗಾಧರಾ, ರೊಟ್ಟ್ಯಾಗಿಂದ ನೀ ಭಾಳ ಚಲೋ ಕಾಣ್ತಿ. ಮಾರಿ ಅಷ್ಟು ಸ್ಪಷ್ಟ ಕಾಣೂದಿಲ್ಲ, ಅದಕ್ಕ."

"ಅಪ್ಪಾ, ಸುಮ್ನ ಉಣ್ಣು."

ಒಂದು ದಿನ ಗ್ಯಾನಮ್ಮ ತಾಟಿನಲ್ಲಿ ರೊಟ್ಟಿ ಇಟ್ಟುಕೊಂಡು ಅಂಗಡಿಗೇ ಬಂದಳು. ಸೊಸೆ ಎದ್ದು ಬರುವುದಿಲ್ಲವೆಂದು ಗೊತ್ತಾಗಿತ್ತು. ತಾಟು ಇಟ್ಟವಳು ಪರದೆ ಕಡೆ ಬಗ್ಗಿ ನೋಡಿದಳು.

"ಇಲ್ಯಾಕ ಸೊಂಟ ಇಷ್ಟು ತೆಳ್ಳಗ ಮಾಡೀಯವ್ವ? ಆಕಿ ಬಸರಿ."

"ಅಲ್ಲಿ ಗೊತ್ತಾಗವಲ್ದು ಅತ್ತಿ. ಇದು ಸೀರಿನೋ ಬಟ್ಟಿನೋ?"

"ಗೊತ್ತಾಗವಲ್ದು ಅಂದ್ರ? ಇದು ಸೆರಗು. ಬೆನ್ನಿಂದ ತಂದು ಇಲ್ಲಿ ಸಿಗಿಸೀನಿ." ಗ್ಯಾನಮ್ಮ ಹಿಟ್ಟಿನ ಬೆರಳಿನಿಂದ ಪರದೆ ಮೇಲೆ ಗೆರೆ ಎಳೆದಳು. "ಉಡಿ ಭಾರ ಆಕ್ಕೈತಿ ಅಂತ ಎರಡು ಸುತ್ತು ಹೆಚ್ಚು ಸುತ್ತೀನಿ. ಇಲ್ಲಿಗಿ ಬರ್ತೈತಿ. ಹಿಂಗ ಇಳೀತೈತಿ. ಇಲ್ಲಿ ನೆರಿಗಿ. ನಾ ಉಡಿಸಿದ ಸೀರಿ ನನಗ ಗೊತ್ತಿಲ್ಲೇನು?"

ಅಂಬಿಕಾ ಆ ಬಿಳಿ ಗೆರೆಯ ಹಿಂದೆಯೇ ಮೌಸ್ ಓಡಿಸಿದಳು. ಸೊಂಟ ಬಂತು. ಸೆರಗು ಬಂತು. ಹೊಟ್ಟೆ ದುಂಡಗೆ ಬಂದು ಕೂತಿತು.

"ಅಬ್ಬಾ!" ಎಂದಳು ಗ್ಯಾನಮ್ಮ. ತಕ್ಷಣ ಮುಖ ಬಿಗಿ ಮಾಡಿಕೊಂಡಳು. "ಇನ್ನೂ ಮುಗದಿಲ್ಲ. ಹಿಂದ ಏನ್ ಹಾಕ್ತಿ?"

ಆ ಪ್ರಶ್ನೆಗೆ ಮನೆಯಲ್ಲಿ ತಲೆಗೊಂದು ಉತ್ತರವಿತ್ತು. ಗಂಗಾಧರ ಹಿಮದ ಗುಡ್ಡ ಅಂದ. ನರಸಣ್ಣ ಮೈಸೂರು ಅರಮನೆ, ದೀಪ ಹಚ್ಚಿದ್ದು, ಅಂದ. ಗ್ಯಾನಮ್ಮ ಯಲ್ಲಮ್ಮನ ಗುಡಿ ಅಂದಳು. ಅಂಬಿಕಾ ಒಂದೊಂದಾಗಿ ಹಾಕಿ ತೋರಿಸಿದಳು. ಹಿಮದಲ್ಲಿ ದೀಪಾ ಚಳಿಗೆ ಸತ್ತೇ ಹೋಗುವಳಂತೆ ಕಂಡಳು. ಅರಮನೆಯ ಬೆಳಕು ಬಲಗಡೆಯಿಂದ, ದೀಪಾಳ ಮುಖದ ಬೆಳಕು ಎಡಗಡೆಯಿಂದ. ಗುಡಿ ಮುಂದೆ ಅವಳು ನೆಲ ಬಿಟ್ಟು ಮೇಲೆ ತೇಲಿದಂತಿದ್ದಳು.

"ಎಲ್ಲಿ ಹಾಕಿದ್ರೂ ಬಸ್ಸಿನ ಗ್ಲಾಸಿಗಿ ಸ್ಟಿಕ್ಕರ್ ಅಂಟಿಸಿದಂಗ ಕಾಣ್ತಾಳಲ್ಲೇ," ಎಂದ ಗಂಗಾಧರ. ಈಗೀಗ ಅವನ ದನಿ ಸ್ವಲ್ಪ ಮೆತ್ತಗಾಗಿತ್ತು.

"ಕಾಣ್ತಾಳ. ಬೆಳಕು ಕೂಡಬೇಕ್ರಿ." ಅಂಬಿಕಾ ಸ್ವಲ್ಪ ಹೊತ್ತು ಬಾಯಲ್ಲಿ ಶೇಂಗಾ ಆಡಿಸಿ, ಗೊರೇಬಾಳಕ್ಕೆ ಫೋನ್ ಹಚ್ಚಿದಳು. "ದೀಪಾ, ಒಂದು ಕೆಲಸ ಮಾಡು. ಅವತ್ತು ನೀ ಕುಂತಿದ್ದ ಜಾಗ ಐತಲ್ಲ, ಅದಾ ಹೊತ್ತಿಗಿ, ನಿಮ್ಮಣ್ಣ ನಿಂತಿದ್ದ ಕಡೆ ನಿಂತು, ಖಾಲಿ ಜಾಗದ ಫೋಟೋ ತಗದು ಕಳಿಸು. ನಿಮ್ಮತ್ತಿಗಿ ಹೇಳಬ್ಯಾಡ."

"ಖಾಲಿ ಜಾಗ ಏನ್ ಮಾಡ್ತಿ ವೈನಿ? ಅಲ್ಲಿ ಬರೇ ಭತ್ತದ ಚೀಲ ಅದಾವು."

"ನನಗ ಅವಾ ಬೇಕು."

ಮಾರನೆಯ ದಿನ ಫೋಟೋ ಬಂತು. ಚೀಲ, ಗೋಡೆ, ಎಡಗಡೆಯಿಂದ ಬಿದ್ದ ಬಿಸಿಲು. ನೆಲದಲ್ಲಿ ಒಂದು ಬೋಳು ಕುತ್ತಿಗೆಯ ಹ್ಯಾಟೆ ಕಾಳು ಹೆಕ್ಕುತ್ತಿತ್ತು. ಕೋಳಿ ಚಂದ ಕಂಡಿದ್ದರಿಂದ ಅಂಬಿಕಾ ಅದನ್ನು ತೆಗೆಯಲಿಲ್ಲ. ದೀಪಾಳನ್ನು ತಂದು ಚೀಲಗಳ ಮುಂದೆ ಕೂಡಿಸಿದಳು. ಹಿಂದಿನ ಚೀಲಗಳನ್ನು ತುಸು ಮಸುಕು ಮಾಡಿದಳು. ಸೀರೆಯ ಕೆಳಗೆ ನೆಲಕ್ಕೆ ನೆರಳು ಹಾಕಿದಳು. ನೆರಳು ಬಿದ್ದದ್ದೇ ತಡ, ದೀಪಾ ಉಸಿರು ಬಿಟ್ಟು ಕೂತಂತಾಯಿತು.

ಹುಣ್ಣಿಮೆ ದಾಟಿತು. ಸಿಂಧನೂರಿನಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಪೇಪರ್ ಸುತ್ತಿ, ಎಲ್ಲರೂ ಗೊರೇಬಾಳಕ್ಕೆ ಹೋದರು. ಗದ್ದೆಮ್ಮ ಚಹಾ ಕೊಡುವ ಮೊದಲೇ ಪೇಪರ್ ಬಿಚ್ಚಿದಳು. ನೋಡಿದಳು. ದೂರ ಹಿಡಿದಳು, ಹತ್ತಿರ ಹಿಡಿದಳು. ಸೊಸೆಯ ಹೊಟ್ಟೆ ಮೇಲೆ ಕೈ ಆಡಿಸಿದಳು, ಮೊದಲು ಫೋಟೋದಲ್ಲಿ, ಆಮೇಲೆ ಪಕ್ಕದಲ್ಲಿ ನಿಂತಿದ್ದ ದೀಪಾಳ ಹೊಟ್ಟೆಯ ಮೇಲೆ.

"ಚಲೋ ಐತಿ. ಆದ್ರ ಇದ್ರಾಗ ನೀವು ಮಾಡಿದ್ದೇನು?"

"ಹಂಗಂದ್ರ ಅತ್ತಿ?" ಎಂದ ಗಂಗಾಧರ.

"ನನ್ನ ಅಂಗಳ, ನನ್ನ ಚೀಲ, ನನ್ನ ಸೊಸಿ. ಇದ್ದದ್ದು ಇದ್ದಂಗ ಐತಿ. ಬಟ್ಟಿ ಕಟ್ಟೂದಕ್ಕ ಮೊದಲು ಒಂದು ತಗದಿದ್ರಿ, ಅದನ್ನ ಪ್ರಿಂಟ್ ಹಾಕ್ಸಿ ತಂದೀರಿ. ಇಷ್ಟಕ್ಕ ಹುಣ್ಣಿವಿ ತನಕ ಬೇಕಿತ್ತೇನು?"

ಅತ್ತೆ ಏನನ್ನುತ್ತಾಳೋ ಎಂದು ಅಂಬಿಕಾ ತಿರುಗಿ ನೋಡಿದಳು. ಏನೂ ಮಾಡದವಳಿಗೆ ಕಂಪ್ಯೂಟರ್ ಯಾಕೆ ಬೇಕು? ಗಿರಣಿಯ ಬೆಲ್ಟು ಆಗಲೇ ಕಿವಿಯಲ್ಲಿ ತಿರುಗಿದಂತಾಯಿತು.

ಗ್ಯಾನಮ್ಮ ನೀರಿನ ಲೋಟ ಕೆಳಗಿಟ್ಟಳು. "ಬೀಗ್ತೀ, ಏನೂ ಮಾಡಿಲ್ಲ ಅಂತೀರೇನ್ರಿ? ಮೂರು ವಾರ ಈಕಿ ಕುಂತು ಕೂದಲು ಕೂದಲು ಬಿಡಿಸ್ಯಾಳ. ಸೀರಿ ಅಂಚಿಗಿ ನಾನಾ ಬಟ್ಟು ಇಟ್ಟು ಹೇಳೀನಿ. ಹರಿದ ಬಟ್ಟಿ ರಫೂ ಮಾಡಿದಂಗ, ಜೋಡಿಸಿದ್ದು ಕಾಣಬಾರ್ದು ಅಂತಾನ ಅಷ್ಟು ಹೊತ್ತು ಹಿಡೀತು."

"ಸೊಸಿ ಪರ ವಹಿಸ್ತೀರಿ, ವಹಿಸ್ರಿ. ನನ್ನ ಕಣ್ಣಿಗಿ ಕಾಣಾಕತ್ತಿಲ್ಲೇನು? ಇದು ಅವತ್ತಿನ ಫೋಟೋನಾ. ನೋಡ್ರಿ, ಚೀಲ ಅದಾವು, ಗ್ವಾಡಿ ಐತಿ, ನಮ್ಮ ಬೋಳಗುತ್ತಿಗಿ ಹ್ಯಾಟಿ..." ಗದ್ದೆಮ್ಮನ ಬೆರಳು ಗಾಜಿನ ಮೇಲೆ ನಿಂತಿತು.

ಗಾಜನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

"ಇದು ಇಲ್ಲಿ ಹೆಂಗ ಬಂತು?" ಎಂದಳು ಗದ್ದೆಮ್ಮ. "ಅವತ್ತು ಇದನ್ನ ನಾನಾ ಹಿಡದು ಬುಟ್ಟಿ ಮುಚ್ಚಿದ್ದೆ. ಮ್ಯಾಲೆ ಕಲ್ಲು ಇಟ್ಟಿದ್ದೆ. ಸಂಜಿಗಿ ನಾನಾ ತಗದೀನಿ."

ದೀಪಾ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಂಬಿಕಾಳಿಗೂ ನಗು ತಡೆಯಲಾಗಲಿಲ್ಲ. ಅವತ್ತು ಕೋಳಿ ಬುಟ್ಟಿಯಡಿ ಇದ್ದದ್ದು ಅವಳಿಗೆ ಮರೆತೇ ಹೋಗಿತ್ತು.

"ಹಿಂದಿನದು ಮೊನ್ನಿಂದು ಅತ್ತಿ," ಎಂದಳು ದೀಪಾ. "ನಾನಾ ತಗದು ಕಳಿಸೀನಿ. ನನ್ನ ತಂದು ಅದರ ಮುಂದ ಕೂಡಿಸ್ಯಾಳ ವೈನಿ."

ಗದ್ದೆಮ್ಮ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದಳು. ಕೂದಲಿನ ಹತ್ತಿರ ನೋಡಿದಳು, ಬಳೆಗಳ ನಡುವೆ ನೋಡಿದಳು, ಹಿಂದೆ ತಿರುವಿ ಬೆನ್ನಿನ ಹಲಗೆಯನ್ನೂ ನೋಡಿದಳು. ಜೋಡಣೆ ಎಲ್ಲಿಯೂ ಸಿಗಲಿಲ್ಲ. ಅಷ್ಟೊತ್ತಿಗೆ ಖರೇ ಕೋಳಿ ಅಂಗಳದಿಂದ ಒಳಗೆ ಬಂದು, ತನ್ನ ಫೋಟೋ ಕೆಳಗೆ ನಿಂತು, ಒಂದು ಕಾಳು ಹೆಕ್ಕಿ ಹೋಯಿತು.

"ತಂಗಿ," ಎಂದಳು ಗದ್ದೆಮ್ಮ ಅಂಬಿಕಾಳಿಗೆ, ದನಿ ಇಳಿಸಿ. "ನಮ್ಮ ಎಮ್ಮಿ ಜೋಡಿ ನಂದೊಂದು ಫೋಟೋ ಐತಿ. ಹಿಂದ ತಿಪ್ಪಿ ಬಂದೈತಿ. ತಗದು ಕೊಡ್ತೀಯೇನು?"

"ಕೊಡ್ತೀನ್ರಿ. ಹಿಂದ ಏನ್ ಹಾಕ್ಲಿ?"

"ಏನಾರ ಹಾಕು. ಜಲಪಾತ ಒಂದು ಬ್ಯಾಡ."

ದೀಪಾ ಮಸ್ಕಿಗೆ ಬಂದಳು. ಗಂಗಾಧರನ ಹಸಿರು ಬಟ್ಟೆ ಮಾಳಿಗೆ ಏರಿತು. ಗ್ಯಾನಮ್ಮ ಅದರ ಮೇಲೆ ಸಂಡಿಗೆ ಇಟ್ಟಳು, ಮಸ್ಕಿಯ ಅರ್ಧ ಕಾಗೆಗಳು ಅದನ್ನು ಹೊಲವೆಂದು ತಿಳಿದು ಇಳಿದವು ಎಂದು ನರಸಣ್ಣ ಇವತ್ತಿಗೂ ಹೇಳುತ್ತಾನೆ. ಗಿರಣಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ನಡುಬಾಗಿಲನ್ನು ಈಗ ಹೆಚ್ಚು ಸಲ ದಾಟುವವಳು ಗ್ಯಾನಮ್ಮ. ಒಂದು ಕೈಯಲ್ಲಿ ರೊಟ್ಟಿಯ ತಾಟು, ಇನ್ನೊಂದು ಕೈಯ ಬೆರಳಿಗೆ ಹಿಟ್ಟು.

"ಇಲ್ಲಿ ನೋಡ್ರಿ ಅತ್ತಿ, ಈ ಎಮ್ಮಿ ಬಾಲ ಎಲ್ಲಿಗಿ ಮುಗೀತೈತಿ?"

"ಸರಿ ಆ ಕಡೆ, ನೋಡ್ತೀನಿ," ಎಂದು ಗ್ಯಾನಮ್ಮ ಸ್ಟೂಲ್ ಎಳೆದು ಕೂತಳು. ಪರದೆಯ ಹತ್ತಿರ ಬಗ್ಗಿ, ಬೆರಳು ಎತ್ತಿ, ಬಾಲದ ತುದಿಗೆ ಒಂದು ಬಿಳಿ ಚುಕ್ಕೆ ಇಟ್ಟಳು.

ಒಳಗಿನಿಂದ ನರಸಣ್ಣ ಕೂಗಿದ. "ಏ ಗ್ಯಾನೀ! ಹಂಚಿನ ಮ್ಯಾಲೆ ರೊಟ್ಟಿ ಸುಡಾಕತ್ತೈತಿ!"

"ತಿರುವಿ ಹಾಕ್ರಿ!" ಎಂದಳು ಗ್ಯಾನಮ್ಮ, ತಲೆ ಎತ್ತದೆ. "ನಾವಿಲ್ಲಿ ಬಾಲ ಹಿಡದೀವಿ."